ಅಜ್ಜಿಗೊಂದು ಆರೈಕೆಯ ಮನೆ: ನೋಡುವುದು ಹೇಗೆ?



ಇಂದಿನ ಮಾತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ನರ್ಸಿಂಗ್ ಹೋಮ್ ಆರಿಸುವುದು ದೊಡ್ಡವರ ಕೆಲಸ, ಅದನ್ನು ನಮಗೇಕೆ ಹೇಳುತ್ತಾರೆ ಎಂದು ಅನ್ನಿಸಿರಬಹುದು. ಕಾರಣವನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ. ಮೊದಲು ಈ ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ.

ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಹತ್ತಿಪ್ಪತ್ತು ಹಾಸಿಗೆ, ಹೆರಿಗೆ, ಅಪೆಂಡಿಕ್ಸ್ ಆಪರೇಷನ್, ನಾಲ್ಕು ದಿನಕ್ಕೆ ಮನೆಗೆ ವಾಪಸು. ಅಮೆರಿಕದಲ್ಲಿ ಇದೇ ಹೆಸರಿಗೆ ಬೇರೆ ಅರ್ಥ. ಅಲ್ಲಿ ಅದು ಎದ್ದು ಓಡಾಡಲಾರದ ವಯಸ್ಸಾದವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಮನೆ. ಹಾಗಾದರೆ ಅದು ನಮ್ಮ ವೃದ್ಧಾಶ್ರಮವೇ ಎಂದು ಕೇಳಿದರೆ, ಅದೂ ಅಲ್ಲ. ನಮ್ಮ ಬಹುಪಾಲು ವೃದ್ಧಾಶ್ರಮಗಳು ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲ ಹಿರಿಯರಿಗಾಗಿ ಹುಟ್ಟಿದವು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ತಿಂಡಿಯ ಗಂಟೆ ಹೊಡೆದಾಗ ಪಂಕ್ತಿಗೆ ನಡೆದು ಬರಬಲ್ಲವರಿಗೆ ಅವು ಸರಿ. ಪಾರ್ಶ್ವವಾಯುವಾಗಿ ಮಲಗಿದವರನ್ನು, ಮರೆವಿನ ಕಾಯಿಲೆಯಿಂದ ತಮ್ಮ ಮಗನನ್ನೇ ಗುರುತಿಸದವರನ್ನು ಅವುಗಳಲ್ಲಿ ಹಲವು ಸೇರಿಸಿಕೊಳ್ಳುವುದಿಲ್ಲ. ಆಸ್ಪತ್ರೆಯೂ ಇವರನ್ನು ಬಹಳ ದಿನ ಇಟ್ಟುಕೊಳ್ಳದು. ಈ ಎರಡರ ನಡುವಿನ ಮೂರನೆಯ ಜಾಗವೇ ಇಂದಿನ ನಮ್ಮ ವಿಷಯ. ಈಚಿನ ವರ್ಷಗಳಲ್ಲಿ ಇಂಥವು ಬೆಂಗಳೂರು, ಮೈಸೂರು, ಮಂಗಳೂರಿನಂಥ ಊರುಗಳಲ್ಲಿ ಕೇರ್ ಹೋಮ್, ಎಲ್ಡರ್ ಕೇರ್, ಅಸಿಸ್ಟೆಡ್ ಲಿವಿಂಗ್ ಎಂದು ನಾನಾ ಹೆಸರಿನಲ್ಲಿ ಬಂದಿವೆ. ನಾನು ಆರೈಕೆಯ ಮನೆ ಎನ್ನುತ್ತೇನೆ. ಹೆಸರು ಯಾವುದಿದ್ದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ‘ಇಂದು ನಡೆದಾಡುವ ನಮ್ಮ ಅಜ್ಜಿ ನಾಳೆ ಹಾಸಿಗೆ ಹಿಡಿದರೆ ನೀವು ನೋಡಿಕೊಳ್ಳುತ್ತೀರೋ, ಕರೆದುಕೊಂಡು ಹೋಗಿ ಎನ್ನುತ್ತೀರೋ?’ ಎಷ್ಟೋ ಕುಟುಂಬಗಳಿಗೆ ಇದರ ಉತ್ತರ ಗೊತ್ತಾಗುವುದು ಆ ನಾಳೆ ಬಂದ ಮೇಲೆ.

ಇನ್ನು ನಿಮಗೇಕೆ ಈ ಮಾತು ಎಂಬುದು. ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಾರೆ. ಆಪರೇಷನ್ ಆಯಿತು. ‘ನಾಳಿದ್ದು ಮನೆಗೆ ಕರೆದುಕೊಂಡು ಹೋಗಬಹುದು’ ಎಂದು ವೈದ್ಯರು ಹೇಳುತ್ತಾರೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು, ಚಿಕ್ಕಪ್ಪ ದೂರದ ಊರಿನಲ್ಲಿ, ಮನೆ ಎರಡನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಎರಡು ದಿನದಲ್ಲಿ ಏನಾದರೂ ತೀರ್ಮಾನಿಸಬೇಕು. ಮದುವೆಯ ಒಂದು ಸೀರೆಗಾಗಿ ನಾಲ್ಕು ಅಂಗಡಿ ಹತ್ತಿ ಇಳಿಯುವ ನಾವು, ಇಂಥ ಹೊತ್ತಿನಲ್ಲಿ ಯಾರೋ ಹೇಳಿದ ಒಂದೇ ಕಡೆಗೆ ಹೋಗಿ, ಕಚೇರಿಯಲ್ಲಿ ಕಾಫಿ ಕುಡಿದು, ಮುಂಗಡ ಕಟ್ಟಿ ಬಂದುಬಿಡುತ್ತೇವೆ. ಆಗ ಮನೆಯ ಹುಡುಗ ಹುಡುಗಿಯರು ಕಾರಿನ ಹಿಂದಿನ ಸೀಟಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಆದರೆ ಅಜ್ಜಿಯ ಕೋಣೆಯಲ್ಲಿ ಮಲಗುವವರು ಅವರೇ. ಅಜ್ಜಿ ರಾತ್ರಿ ಎಷ್ಟು ಸಲ ಏಳುತ್ತಾರೆ, ಯಾವ ಕಿವಿ ಸರಿಯಾಗಿ ಕೇಳಿಸುತ್ತದೆ, ಮಾತ್ರೆಯನ್ನು ನುಂಗಿದಂತೆ ಮಾಡಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾರೋ ಇಲ್ಲವೋ ಎಂಬುದು ಮೊಮ್ಮಕ್ಕಳಿಗೆ ಗೊತ್ತಿರುವಷ್ಟು ಮಗನಿಗೆ ಗೊತ್ತಿರುವುದಿಲ್ಲ. ಆ ತಿಳಿವಳಿಕೆ ಈ ಹೊತ್ತಿನಲ್ಲಿ ಬೆಲೆಬಾಳುವಂಥದು.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚು. ಅಂದಿನಿಂದ ಈ ಸಂಖ್ಯೆ ಬೆಳೆದಿದೆಯೇ ಹೊರತು ಇಳಿದಿಲ್ಲ. ಮನೆಗಳು ಚಿಕ್ಕವಾದವು, ಮಕ್ಕಳು ದೂರ ಹೋದರು, ಹಿಂದೆ ಮುದುಕರ ಮೈ ತೊಳೆದು ಊಟ ಮಾಡಿಸುತ್ತಿದ್ದ ಸೊಸೆ ಈಗ ಬೆಳಿಗ್ಗೆ ಎಂಟರ ಬಸ್ಸು ಹಿಡಿಯುತ್ತಾಳೆ. ಆ ಸೊಸೆಯ ದುಡಿಮೆಯನ್ನು ನಾವು ಹಿಂದೆ ಲೆಕ್ಕಕ್ಕೇ ಹಿಡಿದಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಆರೈಕೆಯ ಮನೆ ಎಂದೊಡನೆ ನಮ್ಮಲ್ಲಿ ಒಂದು ನಾಚಿಕೆ ಇದೆ. ‘ನಾಲ್ಕು ಜನ ಏನೆಂದಾರು? ಹೆತ್ತವಳನ್ನು ಹೊರಗೆ ಹಾಕಿದರು ಎಂದಾರು’ ಎಂಬ ಅಳುಕು. ಈ ಅಳುಕು ತಾಯಿಯ ಮೇಲಿನ ಪ್ರೀತಿಯಿಂದ ಬಂದದ್ದೇ ಇರಬಹುದು, ಆದರೆ ಇದರಿಂದ ಆಗುವ ಕೆಡಕನ್ನು ನೋಡಿ. ನೆಂಟರ ಕಣ್ಣಿಗೆ ಬೀಳದಿರಲಿ ಎಂದು ಊರಾಚೆ ದೂರದ ಜಾಗವನ್ನು ಹುಡುಕುತ್ತಾರೆ. ತಪ್ಪು ಮಾಡುತ್ತಿರುವವರಂತೆ ತಲೆ ತಗ್ಗಿಸಿ ಹೋಗುವುದರಿಂದ ಕೇಳಬೇಕಾದ ಪ್ರಶ್ನೆ ಕೇಳುವುದಿಲ್ಲ. ದೂರವಾದ್ದರಿಂದ ಆಮೇಲೆ ಹೋಗಿ ಬರುವುದೂ ಕಡಿಮೆಯಾಗುತ್ತದೆ. ಹಿರಿಯರನ್ನು ಕೈಬಿಡುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟು ಬಂದರೆ ಅದು ಅಪರಾಧ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007ರ 24ನೆಯ ಕಲಂ ಪ್ರಕಾರ ಅದಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು. ಆದರೆ ನೋಡಿ, ಕೇಳಿ, ಆರಿಸಿದ ಜಾಗದಲ್ಲಿ ಸೇರಿಸಿ, ವಾರ ವಾರವೂ ಹೋಗಿ ಬರುವುದು ಕೈಬಿಟ್ಟಂತೆ ಅಲ್ಲ.

ಜಾಗ ನೋಡಲು ಹೊರಡುವ ಮುನ್ನ ಅಜ್ಜಿಯನ್ನೇ ಒಮ್ಮೆ ಸರಿಯಾಗಿ ನೋಡಬೇಕು. ಇದಕ್ಕೆ ವೈದ್ಯರು ಬಳಸುವ ಒಂದು ಸರಳ ಅಳತೆಗೋಲಿದೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ಸಂಗಡಿಗರು 1963ರಲ್ಲಿ ಪ್ರಕಟಿಸಿದ್ದು. ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿ ಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹತೋಟಿ, ಊಟ ಮಾಡುವುದು, ಈ ಆರು ಕೆಲಸಗಳಲ್ಲಿ ಯಾವುದನ್ನು ತಾವೇ ಮಾಡಿಕೊಳ್ಳುತ್ತಾರೆ, ಯಾವುದಕ್ಕೆ ಇನ್ನೊಬ್ಬರ ಕೈ ಬೇಕು ಎಂದು ಬರೆದುಕೊಳ್ಳುವುದು, ಅಷ್ಟೆ. ನೋಟ್‌ಬುಕ್ಕಿನ ಅರ್ಧ ಪುಟ ಸಾಕು. ‘ನಮ್ಮ ಅಜ್ಜಿಗೆ ತುಂಬಾ ವಯಸ್ಸಾಗಿದೆ, ಚೆನ್ನಾಗಿ ನೋಡಿಕೊಳ್ಳಿ’ ಎಂದರೆ ಎದುರಿನವರು ‘ಆಗಲಿ’ ಎನ್ನುತ್ತಾರೆ. ‘ತುತ್ತು ಬಾಯಿಗೆ ಹೋಗುತ್ತದೆ, ಆದರೆ ಕಮೋಡಿನಿಂದ ಏಳಲು ಒಬ್ಬರ ಆಸರೆ ಬೇಕು, ರಾತ್ರಿ ಎರಡು ಸಲ ಏಳುತ್ತಾರೆ’ ಎಂದರೆ ರಾತ್ರಿ ಯಾರು ಬರುತ್ತಾರೆ ಎಂಬುದಕ್ಕೆ ಅವರು ಉತ್ತರ ಕೊಡಲೇಬೇಕಾಗುತ್ತದೆ.

ಆ ಅರ್ಧ ಪುಟದಲ್ಲಿ ಇನ್ನೂ ಎರಡು ಸಂಗತಿಗಳಿರಲಿ. ಒಂದು ಊಟ. ಮುದ್ದೆ ಉಂಡು ಬೆಳೆದವರಿಗೆ ಮೂರು ಹೊತ್ತೂ ಅನ್ನ ತಿಳಿಸಾರು ಬಡಿಸಿದರೆ ಹೊಟ್ಟೆ ತುಂಬಿದರೂ ಊಟ ಆದಂತೆ ಆಗುವುದಿಲ್ಲ. ಹಲ್ಲಿಲ್ಲದವರಿಗೆ ಮೆದುವಾಗಿ ಬೇಯಿಸಿ ಕೊಡುತ್ತಾರೋ, ಸಕ್ಕರೆ ಕಾಯಿಲೆಯವರಿಗೆ ಬೇರೆ ತಿಂಡಿ ಉಂಟೋ ಎಂಬುದೂ ಬೇಕು. ಇನ್ನೊಂದು ಭಾಷೆ. ಮರೆವಿನ ಕಾಯಿಲೆ ಬೆಳೆದಂತೆ ಆಮೇಲೆ ಕಲಿತ ಭಾಷೆಗಳು ಮೊದಲು ಜಾರಿ, ಎಳವೆಯಲ್ಲಿ ಮನೆಯಲ್ಲಿ ಆಡಿದ ಮಾತೇ ಕೊನೆಯವರೆಗೆ ನಿಲ್ಲುವುದುಂಟು. ನಲವತ್ತು ವರ್ಷ ಬೆಂಗಳೂರಿನಲ್ಲಿದ್ದು ಕನ್ನಡವನ್ನು ಸರಾಗವಾಗಿ ಆಡುತ್ತಿದ್ದ ಅಜ್ಜಿ ಕಡೆಗೆ ತುಳುವನ್ನೋ ಕೊಂಕಣಿಯನ್ನೋ ಮಾತ್ರ ಆಡಬಹುದು. ‘ನೀರು ಬೇಕು’ ಎಂಬುದು ಅರ್ಥವಾಗದ ಆಯಾ ಎಷ್ಟು ಒಳ್ಳೆಯವಳಾದರೂ ಏನು ಮಾಡಿಯಾಳು? ಆಕೆಯೂ ಬೇರೆ ರಾಜ್ಯದಿಂದ ಹೊಟ್ಟೆಪಾಡಿಗೆ ಬಂದವಳು. ಅಜ್ಜಿಗೆ ಬೇಕಾಗುವ ಹತ್ತು ಮಾತುಗಳನ್ನು ಬರೆದು ಕೊಡುವ ಕೆಲಸ ಮೊಮ್ಮಕ್ಕಳದು.

ಈಗ ಜಾಗ ನೋಡಲು ಹೋಗೋಣ. ಹೊಸ ಬಣ್ಣ, ಹೂದೋಟ, ನೆಲದ ಗ್ರಾನೈಟು, ಸ್ವಾಗತದ ಕೊಠಡಿಯ ಸೋಫಾ, ಇವೆಲ್ಲ ಹಣ ಕೊಡುವವರಿಗಾಗಿ ಇರುವಂಥವು. ಅಜ್ಜಿ ಆ ಸೋಫಾದ ಮೇಲೆ ಒಂದು ದಿನವೂ ಕೂರುವುದಿಲ್ಲ. ಹೊಳೆಯುವ ಗ್ರಾನೈಟು ಒದ್ದೆಯಾದರೆ ವಯಸ್ಸಾದವರ ಕಾಲಿಗೆ ಅಪಾಯವೇ. ನಾನು ಹೇಳುವುದು ಇಷ್ಟೆ: ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಶಕ್ತರಾದವರು ಯಾರೋ ಅವರ ಹಾಸಿಗೆಯ ಬಳಿಗೆ ಹೋಗಿ. ‘ಪೂರ್ತಿ ಹಾಸಿಗೆ ಹಿಡಿದವರನ್ನು ಎಲ್ಲಿ ಇಟ್ಟಿದ್ದೀರಿ, ಒಮ್ಮೆ ನೋಡಬಹುದೆ?’ ಎಂದು ವಿನಯದಿಂದ ಕೇಳಿ. ಅವರವರ ಮಾನಮರ್ಯಾದೆಯ ಪ್ರಶ್ನೆಯೂ ಇರುವುದರಿಂದ ಬಾಗಿಲಲ್ಲೇ ನಿಂತು ಒಂದು ನಿಮಿಷ ನೋಡಿದರೂ ಸಾಕು. ಆ ಮಹಡಿಗೇ ಯಾರನ್ನೂ ಬಿಡುವುದಿಲ್ಲ ಎಂದರೆ ಅದೂ ಒಂದು ಉತ್ತರವೇ.

ಅಲ್ಲಿ ಏನು ನೋಡಬೇಕು? ಮೊದಲು ಮೂಗಿಗೆ ಕೆಲಸ. ಯಾರೋ ಒಬ್ಬರು ಆಗತಾನೆ ಹಾಸಿಗೆ ಒದ್ದೆ ಮಾಡಿದ್ದರೆ ವಾಸನೆ ಬರುವುದು ಸಹಜ. ಇಡೀ ಹಜಾರದಲ್ಲಿ, ಗೋಡೆಗೇ ಅಂಟಿಕೊಂಡಂಥ ಹಳೆಯ ಮೂತ್ರದ ವಾಸನೆ ಇದ್ದರೆ ಬಟ್ಟೆ ಬದಲಿಸುವುದಕ್ಕೆ ಜನ ಸಾಲದು ಎಂದು ಅರ್ಥ. ಮೂಗು ಬಿಗಿಯುವಷ್ಟು ಫಿನಾಯಿಲ್ ಇದ್ದರೆ ಅದರ ಕೆಳಗೆ ಏನಿದೆ ಎಂದು ಯೋಚಿಸಬೇಕು. ಆಮೇಲೆ ನೀರಿನ ಲೋಟ. ಅದು ಕೈಗೆ ಎಟಕುವಂತೆ ಇದೆಯೋ, ಅಥವಾ ಕಿಟಕಿಯ ಕಟ್ಟೆಯ ಮೇಲೆ ಅಲಂಕಾರಕ್ಕಿದೆಯೋ? ಕರೆಯುವ ಗಂಟೆಯ ಗುಂಡಿ ಕೈಯ ಬಳಿ ಇದೆಯೋ, ತಲೆಯ ಹಿಂದಿನ ಗೋಡೆಯಲ್ಲಿದೆಯೋ? ಉಗುರು ಕತ್ತರಿಸಿದ್ದಾರೋ? ಕನ್ನಡಕ ಕಣ್ಣಿನ ಮೇಲಿದೆಯೋ, ಡಬ್ಬಿಯಲ್ಲಿದೆಯೋ? ಊಟದ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ತಟ್ಟೆ ಇಟ್ಟು ಹೋಗಿ ಅರ್ಧ ಗಂಟೆಯ ಮೇಲೆ ಹಾಗೆಯೇ ಎತ್ತಿಕೊಂಡು ಹೋದರೆ ಅದನ್ನು ಊಟ ಕೊಟ್ಟದ್ದು ಎನ್ನಲಾಗದು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ ಈ ಮುಟ್ಟದೆ ಉಳಿದ ತಟ್ಟೆಯ ವಿಷಯಕ್ಕೆ ಸಾಕಷ್ಟು ಸಿಟ್ಟು ಮಾಡಿಕೊಂಡಿದ್ದಾರೆ. ಶುದ್ಧ ಗಾಳಿ, ಬೆಳಕು, ಸದ್ದಿಲ್ಲದ ಕೋಣೆ, ಹೊತ್ತಿಗೆ ಸರಿಯಾಗಿ ಊಟ ಎಂದು ಅವರು ಒತ್ತಿ ಹೇಳಿದ ಯಾವುದೂ ಇಂದಿಗೂ ಹಳತಾಗಿಲ್ಲ.

ಎಲ್ಲಕ್ಕಿಂತ ಮುಖ್ಯ, ಹಾಸಿಗೆ ಹುಣ್ಣು. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಾವು ನಿದ್ದೆಯಲ್ಲೂ ಗೊತ್ತಿಲ್ಲದೆ ಮಗ್ಗುಲು ಬದಲಿಸುತ್ತೇವೆ. ಬದಲಿಸಲಾರದವರ ಮೈಭಾರವೆಲ್ಲ ಬೆನ್ನಿನ ಕೆಳಗಿನ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಇಂಥ ಕೆಲವೇ ಕಡೆ ಬೀಳುತ್ತದೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯುವುದು ನಿಂತರೆ ಆ ಭಾಗ ಸಾಯಲು ಕೆಲವು ಗಂಟೆ ಸಾಕು. ಮೊದಲು ಒತ್ತಿದರೂ ಮಾಸದ ಕೆಂಪು. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣದು, ಮುಟ್ಟಿದರೆ ಬಿಸಿಯಾಗಿ, ಗಟ್ಟಿಯಾಗಿ ಗೊತ್ತಾಗುತ್ತದೆ. ಆಮೇಲೆ ಗುಳ್ಳೆ, ಹುಣ್ಣು, ಕಡೆಗೆ ಮೂಳೆ ಕಾಣುವಷ್ಟು ಆಳ. ತಡೆಯುವ ದಾರಿ ಎಂದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮ ಒಣಗಿರುವಂತೆ ನೋಡಿಕೊಳ್ಳುವುದು, ಹೊಟ್ಟೆಗೆ ಸಾಕಷ್ಟು ಕೊಡುವುದು. ಗಾಳಿ ತುಂಬಿದ ಹಾಸಿಗೆ ನೆರವಾಗುತ್ತದೆ, ಆದರೆ ಅದು ಮಗ್ಗುಲು ಬದಲಿಸುವ ಕೈಗೆ ಬದಲಿಯಲ್ಲ. ‘ಈಗ ನಿಮ್ಮಲ್ಲಿ ಹಾಸಿಗೆ ಹುಣ್ಣು ಎಷ್ಟು ಜನರಿಗಿದೆ? ಎಷ್ಟು ಜನಕ್ಕೆ ಇಲ್ಲಿಗೆ ಬಂದ ಮೇಲೆ ಆಯಿತು? ಮಗ್ಗುಲು ಬದಲಿಸಿದ ವೇಳೆಯನ್ನು ಎಲ್ಲಿ ಬರೆಯುತ್ತೀರಿ?’ ಎಂದು ಕೇಳಿ. ಒಳ್ಳೆಯ ಜಾಗದವರು ‘ನಮ್ಮಲ್ಲಿ ಒಬ್ಬರಿಗೂ ಇಲ್ಲ’ ಎಂದು ಬಾಯಿ ಮಾತಿನಲ್ಲಿ ಹೇಳಿ ಮುಗಿಸುವುದಿಲ್ಲ. ಇರುವುದನ್ನು ಇದೆ ಎಂದು ಹೇಳಿ, ಬರೆದಿಟ್ಟ ಹಾಳೆಯನ್ನು ತೋರಿಸುತ್ತಾರೆ.

ರಾತ್ರಿಯ ವಿಷಯ. ಹಗಲು ಹನ್ನೊಂದು ಗಂಟೆಗೆ ಎಲ್ಲ ಕಡೆಯೂ ಜನ ಇರುತ್ತಾರೆ. ರಾತ್ರಿ ಎರಡು ಗಂಟೆಗೆ ಒಂದು ಮಹಡಿಗೆ ಎಷ್ಟು ಜನ ಎಚ್ಚರವಾಗಿರುತ್ತಾರೆ? ಅವರಲ್ಲಿ ತರಬೇತಿ ಪಡೆದ ನರ್ಸ್ ಒಬ್ಬರಾದರೂ ಇದ್ದಾರೋ, ಎಲ್ಲರೂ ಆಯಾಗಳೋ? ಜನ ಸಾಲದ ಕಡೆ ರಾತ್ರಿಯನ್ನು ಸುಲಭ ಮಾಡಿಕೊಳ್ಳಲು ಎರಡು ಅಡ್ಡದಾರಿಗಳಿವೆ. ಒಂದು, ವೈದ್ಯರ ಸಲಹೆಯಿಲ್ಲದೆ ನಿದ್ದೆಯ ಮಾತ್ರೆ. ಇನ್ನೊಂದು, ಮಂಚಕ್ಕೆ ಕೈ ಕಟ್ಟುವುದು. ‘ಬೀಳದಿರಲಿ ಎಂದು ಕಟ್ಟಿದ್ದೇವೆ’ ಎಂಬ ಮಾತು ಕೇಳಲು ಅಕ್ಕರೆಯಂತೆಯೇ ಇರುತ್ತದೆ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ಮನೋರೋಗಿಗಳನ್ನು ಇಟ್ಟಿದ್ದ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡಲಾರದೆ 28 ಜನ ಸತ್ತರು. ಅದು ವೃದ್ಧರ ಮನೆಯಲ್ಲ, ನಿಜ. ಆದರೆ ಕಟ್ಟಿಹಾಕಿದವರ ಪಾಲಿಗೆ ಬೆಂಕಿ ಎಲ್ಲಿಯೂ ಒಂದೇ.

ಬೆಂಕಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 2011ರ ಡಿಸೆಂಬರ್ 9ರಂದು ಕಲ್ಕತ್ತೆಯ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಹುಟ್ಟಿದ್ದು ವಾಹನ ನಿಲ್ಲಿಸಬೇಕಾದ ನೆಲಮಾಳಿಗೆಯಲ್ಲಿ, ಅಲ್ಲಿ ತುಂಬಿಟ್ಟಿದ್ದ ಸಾಮಾನಿನಲ್ಲಿ. ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ಮೇಲಕ್ಕೇರಿದ ಹೊಗೆ. ಆದ್ದರಿಂದ ಎಲ್ಲರೂ ಕಚೇರಿಯಲ್ಲಿ ಮಾತಾಡುತ್ತಿರುವಾಗ ನೀವು ಒಮ್ಮೆ ಹಿಂದಿನ ಮೆಟ್ಟಿಲನ್ನು ನೋಡಿಬನ್ನಿ. ಹಿಂದಿನ ಬಾಗಿಲಿಗೆ ಬೀಗವೇ? ಮೆಟ್ಟಿಲ ಮೇಲೆ ಹಳೆಯ ಮಂಚ, ಗ್ಯಾಸ್ ಸಿಲಿಂಡರು, ರಟ್ಟಿನ ಪೆಟ್ಟಿಗೆಗಳೇ? ಗಾಲಿಕುರ್ಚಿಯವರನ್ನು ಮೂರನೆಯ ಮಹಡಿಯಲ್ಲಿ ಇಟ್ಟಿದ್ದಾರೆಯೇ? ಹಾಗೆಯೇ ಬಚ್ಚಲಿಗೂ ಹೋಗಿ. ಹಿಡಿದುಕೊಳ್ಳಲು ಗೋಡೆಗೆ ಕಂಬಿ ಇದೆಯೋ, ಬಾಗಿಲು ಹೊರಕ್ಕೆ ತೆರೆಯುತ್ತದೆಯೋ ನೋಡಿ. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಬಿದ್ದರೆ ತೆಗೆಯುವುದು ಹೇಗೆ?

ಇಷ್ಟು ನೋಡಿದ ಮೇಲೆ ಕಿವಿಗೆ ಕೆಲಸ. ಅಲ್ಲಿಯವರು ಹಿರಿಯರನ್ನು ಹೇಗೆ ಕರೆಯುತ್ತಾರೆ? ‘ಅಜ್ಜಿ ಬನ್ನಿ’, ‘ಅಮ್ಮಾ ಊಟ ಮಾಡ್ತೀರಾ’ ಎನ್ನುತ್ತಾರೋ, ‘ಏನಮ್ಮ ನಿನ್ನ ಗೋಳು’ ಎನ್ನುತ್ತಾರೋ, ಹದಿನಾಲ್ಕನೆಯ ನಂಬರು ಎನ್ನುತ್ತಾರೋ? ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ ತಮ್ಮ ದೇಶದ 173 ವೃದ್ಧರ ಮನೆಗಳನ್ನು ಸುತ್ತಿ 1962ರಲ್ಲಿ ‘ದಿ ಲಾಸ್ಟ್ ರೆಫ್ಯೂಜ್’ ಎಂಬ ದೊಡ್ಡ ಪುಸ್ತಕ ಬರೆದರು. ಊಟ ಬಟ್ಟೆ ಇದ್ದರೂ ಹಳೆಯ ನಂಟು, ಏಕಾಂತ, ಮಾಡಲು ಒಂದು ಕೆಲಸ ಇವೆಲ್ಲವನ್ನೂ ಕಳೆದುಕೊಂಡ ಮುದುಕರ ಚಿತ್ರ ಅದರಲ್ಲಿದೆ. ಆದರೆ ಆಯಾಗಳ ಬಗ್ಗೆ ಕಟುವಾಗಿ ಮಾತಾಡುವುದು ನನಗೆ ಸರಿಕಾಣದು. ಹನ್ನೆರಡು ಗಂಟೆ ದುಡಿಸಿ, ಕಡಿಮೆ ಸಂಬಳ ಕೊಟ್ಟು, ಹತ್ತು ಹದಿನೈದು ಜನರನ್ನು ಒಬ್ಬಳ ಕೈಗೆ ಒಪ್ಪಿಸಿದರೆ ಯಾರ ದನಿಯಾದರೂ ಒರಟಾಗುತ್ತದೆ. ‘ಅಕ್ಕಾ, ನೀವು ಇಲ್ಲಿಗೆ ಬಂದು ಎಷ್ಟು ದಿನವಾಯಿತು?’ ಎಂದು ಇಬ್ಬರು ಮೂವರನ್ನು ಕೇಳಿ ನೋಡಿ. ಎಲ್ಲರೂ ‘ಹೋದ ತಿಂಗಳು’ ಎಂದರೆ ಅಲ್ಲಿ ಜನ ನಿಲ್ಲುತ್ತಿಲ್ಲ ಎಂದಾಯಿತು. ಜನ ನಿಲ್ಲದ ಕಡೆ ಅಜ್ಜಿಯ ಯಾವ ಕಿವಿ ಕೇಳಿಸುತ್ತದೆ ಎಂಬುದನ್ನು ಪ್ರತಿ ತಿಂಗಳೂ ಹೊಸಬರಿಗೆ ಹೇಳಬೇಕಾಗುತ್ತದೆ. ನನ್ನ ಲೆಕ್ಕದಲ್ಲಿ ಐದು ವರ್ಷದಿಂದ ಇರುವ ಒಬ್ಬ ಆಯಾ ಹೊಸ ಎಕ್ಸ್‌ರೇ ಯಂತ್ರಕ್ಕಿಂತ ಹೆಚ್ಚು.

ವೈದ್ಯಕೀಯ ವಿಷಯವನ್ನು ಬೇಗ ಮುಗಿಸುತ್ತೇನೆ. ಡಾಕ್ಟರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ಎದೆನೋವು ಬಂದರೆ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಒಯ್ಯುತ್ತಾರೆ, ಮನೆಯವರಿಗೆ ಮೊದಲು ಯಾರು ಫೋನು ಮಾಡುತ್ತಾರೆ ಎಂದು ತಿಳಿದುಕೊಳ್ಳಬೇಕು. ಮಾತ್ರೆ ಕೊಟ್ಟ ಹೊತ್ತನ್ನು, ತಿಂಗಳಿಗೊಮ್ಮೆ ದೇಹದ ತೂಕವನ್ನು ಬರೆದಿಡುತ್ತಾರೋ ಕೇಳಿ. ಆಸ್ಪತ್ರೆ, ನರ್ಸಿಂಗ್ ಹೋಮ್ ಎಂದು ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಯಾದರೆ ಅದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿ ನೋಂದಣಿಯಾಗಿರಬೇಕು, ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಗೋಡೆಯ ಮೇಲೆ ಆ ನೋಂದಣಿ ಪತ್ರ ಇದೆಯೋ, ಅದರ ಅವಧಿ ಮುಗಿದಿದೆಯೋ ಓದುವುದಕ್ಕೆ ಹೈಸ್ಕೂಲಿನ ಕಣ್ಣು ಸಾಕು.

ಹಣದ ವಿಷಯದಲ್ಲಿ ಸಂಕೋಚ ಪಡಬಾರದು. ತಿಂಗಳಿಗೆ ಇಷ್ಟು ಎಂದು ಹೇಳಿದ ಮೊತ್ತದಲ್ಲಿ ಏನೇನು ಸೇರಿದೆ, ಏನೇನು ಸೇರಿಲ್ಲ? ಡೈಪರು, ಔಷಧಿ, ಫಿಸಿಯೋಥೆರಪಿ, ಬಟ್ಟೆ ಒಗೆಯುವುದು, ಆಸ್ಪತ್ರೆಗೆ ಹೋದಾಗ ಜೊತೆಗಿರುವ ಆಯಾಳ ದಿನಗೂಲಿ, ಇವೆಲ್ಲ ಬೇರೆಯಾದರೆ ಹೇಳಿದ್ದಕ್ಕಿಂತ ಬಿಲ್ಲು ಬಹಳ ಮೇಲೆ ಹೋದೀತು. ಠೇವಣಿ ಎಷ್ಟು, ಬೇಡವೆಂದು ಹೊರಟರೆ ಎಷ್ಟು ದಿನದಲ್ಲಿ ವಾಪಸು, ಅಜ್ಜಿ ಒಂದು ತಿಂಗಳು ಆಸ್ಪತ್ರೆಯಲ್ಲಿದ್ದರೆ ಆ ತಿಂಗಳ ಹಣ ಕೊಡಬೇಕೋ ಬೇಡವೋ, ಇವೆಲ್ಲ ಕಾಗದದಲ್ಲಿರಬೇಕು, ಪ್ರತಿ ಸಲವೂ ರಸೀತಿ ಬೇಕು. ಒಮ್ಮೆ ದೊಡ್ಡ ಮೊತ್ತ ಕೊಟ್ಟರೆ ಕೊನೆಯವರೆಗೂ ನೋಡಿಕೊಳ್ಳುತ್ತೇವೆ ಎಂಬ ಮಾತಿಗೆ ಬೇಗ ಒಪ್ಪಬೇಡಿ. ಸಂಸ್ಥೆಯೇ ಮುಚ್ಚಿದರೆ ಆ ಕೊನೆಯವರೆಗೆ ಎಂಬುದನ್ನು ಯಾರಲ್ಲಿ ಕೇಳುವುದು? ಆಸ್ತಿಪತ್ರಕ್ಕೆ ಸಹಿ ಕೇಳುವ ಕಡೆಯಿಂದಂತೂ ಎದ್ದು ಬನ್ನಿ. ಮನೆಯೊಳಗೂ ಇದು ನಡೆಯುವುದುಂಟು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದೆ ಹೋದರೆ, ನಾನು ಆಗ ಹೇಳಿದ 2007ರ ಪೋಷಣೆಯ ಕಾಯ್ದೆಯ 23ನೆಯ ಕಲಂ ಪ್ರಕಾರ ಆ ಬರವಣಿಗೆಯನ್ನು ರದ್ದು ಮಾಡಿಸಲು ಹಿರಿಯರಿಗೆ ಅವಕಾಶವಿದೆ. ಕೊಡಲು ಏನೂ ಇಲ್ಲದ ಬಡವರ ಗತಿ? ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಜನ ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರಗಳು ಹಂತ ಹಂತವಾಗಿ ಸ್ಥಾಪಿಸಬಹುದೆಂದು ಅದೇ ಕಾಯ್ದೆಯ 19ನೆಯ ಕಲಂ ಹೇಳುತ್ತದೆ. ‘ಬಹುದು’ ಎಂಬ ಪದವನ್ನು ಗಮನಿಸಿ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಚರ್ಚೆಗೆ ಒಳ್ಳೆಯ ವಸ್ತು.

ನಮ್ಮಲ್ಲಿ ಇಂಥ ಮನೆಗಳಿಗೆ ಅಂಕ ಕೊಡುವ ವ್ಯವಸ್ಥೆ ಇದ್ದರೆ ಇಷ್ಟೆಲ್ಲ ಬೇಕಿತ್ತೆ ಎಂದು ನೀವು ಕೇಳಬಹುದು. ಅಮೆರಿಕದಲ್ಲಿ ಇದೆ. ಅಲ್ಲಿ 1987ರ ಒಂದು ಕಾನೂನು ನರ್ಸಿಂಗ್ ಹೋಮ್‌ನಲ್ಲಿರುವವರ ಹಕ್ಕುಗಳನ್ನು ಹೇಳಿ, ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟಿಹಾಕುವುದನ್ನು ನಿಷೇಧಿಸಿತು. 2008ರಿಂದ ಪ್ರತಿ ಮನೆಗೂ ಒಂದರಿಂದ ಐದರವರೆಗೆ ನಕ್ಷತ್ರ ಕೊಡುತ್ತಾರೆ. ಆದರೆ ಎಷ್ಟು ನರ್ಸ್‌ಗಳಿದ್ದಾರೆ ಎಂಬ ಲೆಕ್ಕವನ್ನು ಹಲವು ವರ್ಷ ಆ ಮನೆಗಳೇ ಬರೆದು ಕೊಡುತ್ತಿದ್ದವು. ಆಮೇಲೆ ಸರ್ಕಾರ ಸಂಬಳದ ಪಟ್ಟಿಯಿಂದಲೇ ಲೆಕ್ಕ ತೆಗೆಯುವ ಕ್ರಮ ತರಬೇಕಾಯಿತು. ತನ್ನ ಉತ್ತರ ಪತ್ರಿಕೆಗೆ ತಾನೇ ಅಂಕ ಹಾಕಿಕೊಂಡರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಂಕಪಟ್ಟಿ ಇದ್ದರೂ ಹೋಗಿ ನೋಡುವುದು ತಪ್ಪದು. ಇಲ್ಲದ ನಮಗಂತೂ ಕಣ್ಣೇ ಗತಿ.

ಇದುವರೆಗೆ ನಾವೆಲ್ಲ ಅಜ್ಜಿಯ ಬಗ್ಗೆ ಮಾತಾಡಿದೆವು, ಅಜ್ಜಿಯನ್ನು ಕೇಳಲಿಲ್ಲ! ನಿಜಜೀವನದಲ್ಲೂ ಹೀಗೆಯೇ ಆಗುತ್ತದೆ. ‘ಎರಡು ದಿನ ಆಸ್ಪತ್ರೆಯಲ್ಲಿದ್ದು ಬರೋಣ’ ಎಂದು ಸುಳ್ಳು ಹೇಳಿ ಕರೆದೊಯ್ಯುವವರುಂಟು. ಮೂರನೆಯ ದಿನ ಅಜ್ಜಿ ಸೆರಗು ಸರಿಮಾಡಿಕೊಂಡು ಬಾಗಿಲ ಬಳಿ ಕಾಯುತ್ತಾರೆ. ಆ ಮೇಲೆ ನೀವು ಹೇಳುವ ಯಾವ ಮಾತನ್ನೂ ಅವರು ನಂಬುವುದಿಲ್ಲ. ಬುದ್ಧಿ ಸ್ವಾಧೀನದಲ್ಲಿರುವವರಿಗೆ ಇದ್ದದ್ದನ್ನು ಇದ್ದಂತೆ ಹೇಳಬೇಕು, ಸಾಧ್ಯವಾದರೆ ಜಾಗ ತೋರಿಸಬೇಕು, ಹತ್ತು ದಿನ ಇದ್ದು ನೋಡುವ ಅವಕಾಶ ಉಂಟೇ ಎಂದು ಕೇಳಬೇಕು. ಕಿಟಕಿಯ ಪಕ್ಕದ ಹಾಸಿಗೆಯೋ ಬಾಗಿಲ ಪಕ್ಕದ್ದೋ ಎಂಬ ಸಣ್ಣ ಆಯ್ಕೆಯನ್ನಾದರೂ ಅವರಿಗೇ ಬಿಡಬೇಕು. ಇದು ಬರಿಯ ಸೌಜನ್ಯದ ಮಾತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರಾಡಿನ್ ಕನೆಕ್ಟಿಕಟ್‌ನ ಒಂದು ನರ್ಸಿಂಗ್ ಹೋಮ್‌ನಲ್ಲಿ ಮಾಡಿದ ಪ್ರಯೋಗವನ್ನು 1976ರಲ್ಲಿ ಪ್ರಕಟಿಸಿದರು. ಒಂದು ಮಹಡಿಯವರಿಗೆ ‘ನಿಮ್ಮ ಕೋಣೆ, ನಿಮ್ಮ ದಿನ ನಿಮ್ಮ ಕೈಯಲ್ಲಿದೆ’ ಎಂದು ಹೇಳಿ, ಬೇಕಾದವರಿಗೆ ಒಂದು ಗಿಡ ಕೊಟ್ಟು ನೀವೇ ನೀರೆರೆಯಿರಿ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ‘ನಿಮ್ಮನ್ನೂ ಗಿಡವನ್ನೂ ಸಿಬ್ಬಂದಿಯೇ ನೋಡಿಕೊಳ್ಳುತ್ತಾರೆ’ ಎಂದರು. ಮೂರು ವಾರದಲ್ಲೇ ಮೊದಲನೆಯ ಗುಂಪಿನವರು ಹೆಚ್ಚು ಚುರುಕಾಗಿ, ಹೆಚ್ಚು ಸಂತೋಷವಾಗಿ ಕಂಡರು. ಸಣ್ಣ ಪ್ರಯೋಗ, ಅದರಿಂದ ಎಲ್ಲವೂ ಸಿದ್ಧವಾಗಿಬಿಟ್ಟಿತು ಎನ್ನಲಾಗದು. ಆದರೂ ನೀವು ನೋಡಿದ ಮನೆಯಲ್ಲಿ ಯಾರಾದರೂ ಹೂ ಕಟ್ಟುತ್ತಿದ್ದರೆ, ಸೊಪ್ಪು ಬಿಡಿಸುತ್ತಿದ್ದರೆ, ತುಳಸಿಗೆ ನೀರು ಹಾಕುತ್ತಿದ್ದರೆ ಅದನ್ನು ನಿಮ್ಮ ಅರ್ಧ ಪುಟದಲ್ಲಿ ಒಳ್ಳೆಯ ಗುರುತೆಂದು ಬರೆದುಕೊಳ್ಳಿ. ಎಲ್ಲರೂ ಗೋಡೆಗೆ ಸಾಲಾಗಿ ಕುಳಿತು, ಯಾರೂ ನೋಡದ ಟೆಲಿವಿಷನ್ ಉರಿಯುತ್ತಿದ್ದರೆ ಅದನ್ನೂ ಬರೆದುಕೊಳ್ಳಿ. ಟೆಲಿವಿಷನ್ನಿನಲ್ಲಿ ಕುಳಿತು ನಾನು ಹೀಗೆ ಹೇಳಬಾರದೇನೋ!

ಸೇರಿಸಿದ ದಿನಕ್ಕೆ ಪರೀಕ್ಷೆ ಮುಗಿಯಲಿಲ್ಲ. ಮೊದಲ ಆರು ವಾರ ಕಷ್ಟದವು. ಒಂದೇ ದಿನ ಒಂದೇ ಹೊತ್ತಿಗೆ ಹೋಗಬೇಡಿ. ಒಂದು ವಾರ ಭಾನುವಾರ ಮಧ್ಯಾಹ್ನ ಹೋದರೆ ಇನ್ನೊಂದು ವಾರ ಕಾಲೇಜು ಮುಗಿಸಿಕೊಂಡು ಸಂಜೆ ಏಳಕ್ಕೆ ಹೋಗಿ. ಯಾವ ಹೊತ್ತಿಗೆ ಯಾರು ಬಂದಾರೆಂದು ಗೊತ್ತಿಲ್ಲದ ಹಾಸಿಗೆಯ ಬಳಿಗೆ ಆಯಾ ಒಂದು ಸಲ ಹೆಚ್ಚಾಗಿಯೇ ಬರುತ್ತಾಳೆ. ಹೋದಾಗ ಅಜ್ಜಿಯ ಕೈಕಾಲಿಗೆ ಎಣ್ಣೆ ಹಚ್ಚುವ ನೆಪದಲ್ಲಿ ಹಿಮ್ಮಡಿಯನ್ನೂ ಬೆನ್ನನ್ನೂ ನೋಡಿ. ‘ಚೆನ್ನಾಗಿದ್ದೀರಾ?’ ಎಂದರೆ ‘ಚೆನ್ನಾಗಿದ್ದೇನೆ ಮಗೂ’ ಎಂದೇ ಹೇಳುತ್ತಾರೆ, ನಿಮಗೆ ನೋವಾಗಬಾರದೆಂದು. ‘ಬೆಳಿಗ್ಗೆ ಏನು ತಿಂಡಿ? ರಾತ್ರಿ ಕರೆದಾಗ ಯಾರು ಬಂದರು?’ ಎಂದು ಕೇಳಿ. ಆ ಕಡೆ ಯಾರೂ ಇಲ್ಲದಾಗ ಕೇಳಿ. ಏನಾದರೂ ತಪ್ಪು ಕಂಡರೆ ಮೊದಲು ಅಲ್ಲಿಯ ಮುಖ್ಯಸ್ಥರಿಗೆ ಬರಹದಲ್ಲಿ ಕೊಡಿ, ದಿನಾಂಕ ಹಾಕಿ ಒಂದು ಪ್ರತಿ ಇಟ್ಟುಕೊಳ್ಳಿ. ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಫೋನು ಮಾಡಿದರೆ ಮುಂದೆ ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತಾರೆ. ಆ ನಂಬರನ್ನೂ ಅದೇ ಅರ್ಧ ಪುಟದ ಕೆಳಗೆ ಬರೆದುಕೊಳ್ಳಿ. ಪುಟದ ಮೇಲ್ಗಡೆ ಮೊದಲ ದಿನದ ಅಜ್ಜಿಯ ತೂಕ ಇರಲಿ. ತಿಂಗಳಾದ ಮೇಲೆ ತೂಕದ ಯಂತ್ರದ ಮೇಲೆ ಅವರನ್ನು ನಿಲ್ಲಿಸುವಾಗ, ಇಲ್ಲವೆ ಕುರ್ಚಿಯಲ್ಲಿ ಕೂರಿಸಿ ತೂಗುವಾಗ, ನೀವೂ ಪಕ್ಕದಲ್ಲಿ ನಿಂತು ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡಿ.